ಕೊಡಬೇಡ ಎಂದಿದ್ದ ಫೋಟೋ

ಕಳೆದ ತಿಂಗಳು ಮಗಳು ಸನಾ ಆನ್ ಆರ್ಬರ್‌ನಲ್ಲಿ ಬೇರೆ ಅಪಾರ್ಟ್‌ಮೆಂಟಿಗೆ ಹೋದಳು. ಹೊಸ ಹಾಸಿಗೆ ಬಂದಿತ್ತು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ನಾನೇ ಕತ್ತರಿ ಹಾಕಿ ಸೀಳಿದೆ. ಒಳಗಿನಿಂದ ಹೊಸ ಫೋಮಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಅಮ್ಮೀ, ಆರ್ ಯೂ ಓಕೆ?" ಅಂದಳು ಸನಾ.

ಓಕೆ ಅಂದೆ. ಓಕೆ ಏನೂ ಇರಲಿಲ್ಲ. ಆ ವಾಸನೆ ನನ್ನನ್ನು ಸೀದಾ ಸೌತ್‌ಫೀಲ್ಡಿನ ಎರಡನೇ ಮಹಡಿಯ ಒಂದು ಮನೆಗೆ, ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳಿಗೆ ಎಳೆದುಕೊಂಡು ಹೋಗಿತ್ತು. ಆ ಆಗಸ್ಟಿನಿಂದ ಡಿಸೆಂಬರ್‌ವರೆಗೆ ಏನಾಯಿತು ಅನ್ನುವುದನ್ನು ಅಷ್ಟು ದಿನವೂ ನಾನು ಯಾರಿಗೂ ನೆಟ್ಟಗೆ ಹೇಳಿರಲಿಲ್ಲ. ಗಂಡನಿಗೆ ಅರ್ಧ ಹೇಳಿದ್ದೆ, ಗೆಳತಿಗೆ ಕಾಲು ಹೇಳಿದ್ದೆ. ಯಾರಿಗೆ ಹೇಳಬೇಕಿತ್ತೋ ಅವಳಿಗೆ ಹೇಳಿರಲಿಲ್ಲ.

ನನ್ನದು ಹುಟ್ಟಾ ಅನುಮಾನದ ಬುದ್ಧಿ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿದರೆ ಟೊಮ್ಯಾಟೊ ಕೊಳೆತಿರಬೇಕು ಅಂದುಕೊಳ್ಳುವವಳು. "ಇವಳು ಸ್ವರ್ಗದ ಬಾಗಿಲಿಗೆ ಹೋದರೂ ಮೊದಲು ಒಳಗೇನಿದೆ ತೋರಿಸಿ ಅಂತಾಳೆ" ಎಂದು ನನ್ನ ಗಂಡ ಇಕ್ಬಾಲ್ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾರೆ. ನಗಲಿ. ದಾವಣಗೆರೆಯಲ್ಲಿ ಹುಟ್ಟಿ, ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಅಂತ ಬೆಳೆದು, ಇಪ್ಪತ್ತಾರು ವರ್ಷದಿಂದ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೇನೆ. ಆಲ್ಟರೇಶನ್ ಅಂಗಡಿ ಇಟ್ಟುಕೊಂಡಿದ್ದೇನೆ. ಪ್ಯಾಂಟಿನ ಕಾಲು ಮಡಿಸುವುದು, ಮದುವೆ ಗೌನು ಬಿಗಿ ಮಾಡುವುದು, ಯುಗಾದಿ ಬಂತು ಅಂದರೆ ಕನ್ನಡ ಸಂಘದ ಹೆಂಗಸರ ಬ್ಲೌಸು ಸಡಿಲ ಮಾಡುವುದು. ಬೇರೆಯವರು ಹಾಕಿದ ಹೊಲಿಗೆ ಬಿಚ್ಚಿ ನೋಡುವುದೇ ನನ್ನ ಕಸುಬು, ಅನುಮಾನ ಅದರ ಜೊತೆಗೇ ಬಂತೋ ಏನೋ.

ಆ ಜುಲೈನಲ್ಲಿ ಬ್ಲೌಸು ತೆಗೆದುಕೊಂಡು ಹೋಗಲು ಬಂದ ಗಿರಿಜಾ ಈ ಕೆಲಸ ತಂದಳು. ಗಿರಿಜಾ ಮೈಸೂರಿನವಳು, ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನನಗೆ ಹದಿನೈದು ವರ್ಷದ ಗೆಳತಿ.

"ಶಾಹೀನಾ, ಒಂದು ಹೆಲ್ಪ್ ಮಾಡೇ. ನಮ್ಮ ಲ್ಯಾಬಲ್ಲಿ ಡೆಬ್ರಾ ಅಂತ ಇದಾಳೆ. ಅವಳ ಸಿನಗಾಗ್‌ನವರು, ಇನ್ನೂ ಎರಡು ಸಿನಗಾಗ್‌ನವರು ಸೇರ್ಕೊಂಡು ಒಂದು ಆಫ್ಘನ್ ಫ್ಯಾಮಿಲಿನ ಇಲ್ಲಿ ಸೆಟಲ್ ಮಾಡಿಸ್ತಿದಾರೆ. ಆ ಹೆಂಗಸಿಗೆ ಇಂಗ್ಲಿಷ್ ಬರಲ್ಲ. ಪೇಶಾವರದಲ್ಲಿ ಮೂರು ವರ್ಷ ಇದ್ದದ್ದಕ್ಕೆ ಉರ್ದು ಬರತ್ತಂತೆ. ನೀನು ಹೋಗಿ ಮಾತಾಡಿಸ್ತೀಯಾ?"

"ಸಿನಗಾಗ್ ಅಂದ್ರೆ ಯಹೂದ್ಯರಲ್ವಾ?"

"ಹೌದು."

"ಬರ್ತಿರೋರು ಮುಸಲ್ಮಾನರಲ್ವಾ?"

"ಹೌದು ಕಣೇ, ಅದಕ್ಕೇನೀಗ?"

"ಯಾಕಂತೆ ಅವರಿಗೆ ಇದೆಲ್ಲ?"

"ಅಯ್ಯೋ! ಸಹಾಯ ಮಾಡೋದಕ್ಕೂ ಯಾಕೆ ಅಂತ ಕೇಳ್ತಾರೇನೇ?"

"ಕೇಳಬೇಕು ಗಿರಿಜಾ. ಸುಮ್ ಸುಮ್ನೆ ಯಾರೂ ಯಾರಿಗೂ ಏನೂ ಮಾಡಲ್ಲ."

ಹಾಗಂದರೂ ಹೋದೆ. ಸಹಾಯ ಮಾಡಲು ಹೋದೆ ಅಂದರೆ ಸುಳ್ಳಾಗುತ್ತದೆ. ಒಳಗೇನು ನಡೆಯುತ್ತಿದೆ ನೋಡೋಣ ಅಂತ ಹೋದೆ.

ಮೊದಲ ಮೀಟಿಂಗು ಡೆಬ್ರಾಳ ಸಿನಗಾಗ್‌ನಲ್ಲಿ. ಬಾಗಿಲಲ್ಲಿ ಗಾರ್ಡು. ನನ್ನ ತಲೆಯ ಸ್ಕಾರ್ಫ್ ನೋಡಿದ, ಚೀಲ ನೋಡಿದ, ಚೀಲದೊಳಗೆ ಒಂಬತ್ತು ಇಂಚಿನ ಬಟ್ಟೆ ಕತ್ತರಿ ನೋಡಿದ. ಅಂಗಡಿಯಿಂದ ನೇರ ಹೋದವಳು, ಅದು ಚೀಲದಲ್ಲಿರುವುದೇ ಮರೆತಿತ್ತು. ಅವನ ಕೈ ಸೊಂಟದ ಕಡೆ ಹೋಯಿತು. ಡೆಬ್ರಾ ಓಡಿ ಬಂದು "ಅವರು ಟೇಲರ್, ಟೇಲರ್!" ಎಂದು ಕೂಗಿದಳು. ಕತ್ತರಿಯನ್ನು ಒಂದು ಟ್ರೇನಲ್ಲಿಟ್ಟು, ಹೋಗುವಾಗ ತಗೊಳ್ಳಿ ಅಂದರು. ಅವರದ್ದೂ ತಪ್ಪಲ್ಲ. ಆ ವರ್ಷ ಅವರ ಬಾಗಿಲುಗಳಲ್ಲೂ ಭಯವಿತ್ತು, ನಮ್ಮ ಮಸೀದಿಯ ಬಾಗಿಲಲ್ಲೂ ಭಯವಿತ್ತು. ದೂರದ ಯುದ್ಧ ದಿನಾ ಟಿವಿಯಲ್ಲಿ ನಮ್ಮೆಲ್ಲರ ಮನೆಯೊಳಗೆ ಬರುತ್ತಿತ್ತು. ಇಕ್ಬಾಲ್ ನೇರವಾಗಿಯೇ ಕೇಳಿದ್ದರು, "ಈ ಹೊತ್ತಲ್ಲಿ ಅವರ ಜೊತೆ ನಿನಗೇನು ಕೆಲಸ?" ಎಂದು.

ಮೀಟಿಂಗಿನಲ್ಲಿ ಮೂರು ಸಿನಗಾಗ್‌ನ ಸಭೆಯವರೂ ಕೂತಿದ್ದರು. ಒಂದು ಕಟ್ಟಾ ಮಡಿಯವರ ಸಭೆ, ಇನ್ನೊಂದು ಸಡಿಲದವರದು, ಡೆಬ್ರಾಳದು ನಡುವಿನದು. ಒಬ್ಬರು ಪ್ರಾರ್ಥನೆ ಮಾಡುವ ರೀತಿ ಇನ್ನೊಬ್ಬರಿಗೆ ಆಗದು. ಮೇಜಿನ ಮೇಲಿನ ಬಿಸ್ಕತ್ತೂ ಸೀಲ್ ಒಡೆಯದ ಪ್ಯಾಕಿನದೇ ಆಗಬೇಕು, ಇಲ್ಲದಿದ್ದರೆ ಮಡಿಯವರು ಮುಟ್ಟುವುದಿಲ್ಲ. ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣಲಾರದವರು ಸೇರಿ ಮೂರನೆಯವರಿಗೆ ಮನೆ ಹೂಡಿಕೊಡುತ್ತಾರಂತೆ ಎಂದು ಮನಸ್ಸಿನಲ್ಲೇ ಮೂಗು ಮುರಿದೆ.

ಆಗಸ್ಟಿನ ಒಂದು ಭಾನುವಾರ ಸೌತ್‌ಫೀಲ್ಡಿನ ಮನೆ ಸಜ್ಜು ಮಾಡಿದೆವು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಸೆಕೆ. ಎಲ್ಲ ಹಾಸಿಗೆಗಳ ಪ್ಲಾಸ್ಟಿಕ್ ಒಟ್ಟಿಗೇ ಸೀಳಿ, ಮನೆ ತುಂಬ ಅದೇ ವಾಸನೆ. ಕಟ್ಟಾ ಸಭೆಯ ಸಾಲ್ ಎಂಬ ಮುದುಕರು ಮಂಚ ಜೋಡಿಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ತಲೆಗೆ ಪುಟ್ಟ ಟೋಪಿ, ಮಾತು ಕಡಿಮೆ. ಗೋಡೆಯ ಉದ್ದಕ್ಕೂ ಡಬ್ಬಗಳು. ಪಾತ್ರೆ, ರಗ್ಗು, ಮಕ್ಕಳ ಬೂಟು. ಪ್ರತಿ ಡಬ್ಬದ ಮೇಲೂ ಒಂದು ನಂಬರು, ಒಂದರ ಮೇಲೂ ಹೆಸರಿಲ್ಲ.

"ಈ ಪಾತ್ರೆಗಳನ್ನ ಯಾರು ಕೊಟ್ಟಿದ್ದು?" ಎಂದು ಸಾಲ್ ಅವರನ್ನು ಕೇಳಿದೆ.

"ಗೊತ್ತಿಲ್ಲ."

"ನಿಮ್ಮ ಸಭೆಯವರೇ ಅಲ್ವಾ? ನಿಮಗೇ ಗೊತ್ತಿಲ್ವಾ?"

"ಗೊತ್ತಿರಬಾರದು" ಅಂದರು, ಸ್ಕ್ರೂ ತಿರುಗಿಸುತ್ತಲೇ.

ಗೊತ್ತಿರಬಾರದು! ನಮ್ಮೂರಲ್ಲಿ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟವರೂ ಅದರ ಮೇಲೆ ಹೆಸರು ಬರೆಸಿಕೊಳ್ಳುತ್ತಾರೆ, ಬೆಳಕು ಬಿದ್ದರೆ ಹೆಸರೇ ಮೊದಲು ಕಾಣಬೇಕು. ಮಸೀದಿಯ ಫ್ಯಾನಿನ ಕಥೆಯೂ ಅದೇ. ಇಲ್ಲಿ ಮನೆ ತುಂಬ ಸಾಮಾನು ಕೊಟ್ಟು ಹೆಸರು ಬೇಡ ಅನ್ನುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ತೀರ್ಮಾನ.

ಮನೆಯವರು ಆ ವಾರವೇ ಬಂದರು. ಝರ್ಮಿನಾ, ಗಂಡ ನಜೀಬ್, ಇಬ್ಬರು ಸಣ್ಣ ಮಕ್ಕಳು. ಝರ್ಮಿನಾ ಮೊದಲ ದಿನವೇ ನನ್ನ ಕೈ ಹಿಡಿದುಕೊಂಡು "ಬಾಜಿ" ಅಂದಳು. ಬಾಜಿ ಅಂದರೆ ಅಕ್ಕ. ಅರ್ಥವಾಗುವ ಮಾತು ಕಿವಿಗೆ ಬಿದ್ದದ್ದಕ್ಕೇ ಅವಳ ಕಣ್ಣಲ್ಲಿ ನೀರು ಬಂತು. ನನಗೂ ಕರುಳು ಚುರುಕ್ ಅಂತು, ಅದರಲ್ಲಿ ಅನುಮಾನ ಇರಲಿಲ್ಲ.

ಎರಡನೇ ದಿನ ಅವಳು ಏಲಕ್ಕಿ ಹಾಕಿದ ಹಸಿರು ಟೀ ಮಾಡಿ ಎಲ್ಲರಿಗೂ ತಂದಳು. ಸಾಲ್ ಎದೆಯ ಮೇಲೆ ಕೈಯಿಟ್ಟು ಬೇಡ ಅಂದರು. ತಮ್ಮದೇ ಕಾಗದದ ಲೋಟಕ್ಕೆ ನಲ್ಲಿ ನೀರು ಹಿಡಿದು ಕುಡಿದರು, ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ತಾವೇ ಸುಲಿದು ತಿಂದರು. ಝರ್ಮಿನಾ ಅಡಿಗೆಮನೆಗೆ ಬಂದು ಸಣ್ಣ ದನಿಯಲ್ಲಿ ಕೇಳಿದಳು. "ಬಾಜಿ, ನಮ್ಮ ಕೈಯಿಂದ ಇವರು ಕುಡಿಯಲ್ವಾ?"

ನನ್ನ ಮೈ ಉರಿಯಿತು. ದಾವಣಗೆರೆಯಲ್ಲಿ ಒಬ್ಬಳು ಗೆಳತಿಯ ಮನೆಯಲ್ಲಿ ನನಗೆಂದೇ ಒಂದು ಸ್ಟೀಲ್ ಲೋಟ ಕಿಟಕಿಯ ಮೇಲೆ ಬೇರೆ ಇಡುತ್ತಿದ್ದರು. ಏಳು ಸಮುದ್ರ ದಾಟಿ ಬಂದರೂ ಆ ಲೋಟ ಬಿಡಲಿಲ್ಲವಲ್ಲ ಅನಿಸಿತು. ಕೆಳಗಿಳಿದು ಹೋಗುವಾಗ ಡೆಬ್ರಾಳನ್ನು ಹಿಡಿದು ಕೇಳಿಯೇಬಿಟ್ಟೆ.

"ಅದು ಪಾತ್ರೆಯ ಪ್ರಶ್ನೆ, ಮನುಷ್ಯರದ್ದಲ್ಲ. ಸಾಲ್ ನನ್ನ ಮನೆಯಲ್ಲೂ ಟೀ ಕುಡಿಯಲ್ಲ. ನಲವತ್ತು ವರ್ಷದ ಪರಿಚಯ ನಮ್ಮದು" ಅಂದಳು ಡೆಬ್ರಾ.

ಮಡಿಯವರೆಲ್ಲ ಹೀಗೇ ಹೇಳುತ್ತಾರೆ ಅಂದುಕೊಂಡೆ. ಝರ್ಮಿನಾಗೆ ಮಾತ್ರ "ಅವರಿಗೆ ಶುಗರ್ ಇದೆಯಂತೆ" ಅಂದೆ. ಅವಳ ಮನಸ್ಸು ನೋಯಬಾರದು ಅಂತ ಹೇಳಿದ ಮೊದಲ ಸುಳ್ಳು ಅದು.

ಹೊಸ ಮನೆಯ ಮೂರನೇ ವಾರದಲ್ಲಿ ಝರ್ಮಿನಾ ತನ್ನ ದೊಡ್ಡ ಮಗಳ ವಿಷಯ ಬಿಚ್ಚಿದಳು. ಪಲ್ವಾಶಾ, ಹದಿನಾರು ವರ್ಷ. ಇವರು ಕಾಬೂಲ್ ಬಿಟ್ಟು ಓಡುವಾಗ ಆ ಹುಡುಗಿ ಚಿಕ್ಕಮ್ಮನ ಊರು ಜಲಾಲಾಬಾದಿನಲ್ಲಿತ್ತು. ತಿಂಗಳುಗಟ್ಟಲೆ ಆದ ಮೇಲೆ ಚಿಕ್ಕಮ್ಮನ ಜೊತೆ ಗಡಿ ದಾಟಿ ಪೇಶಾವರಕ್ಕೆ ಬಂತು. ಅಷ್ಟರಲ್ಲಿ ಇವರ ಫೈಲು ಮುಂದೆ ಹೋಗಿತ್ತು. ಹುಡುಗಿಯ ಹೆಸರು ಬರೆಸಿ ನೀವು ಹೋಗಿ, ಅಲ್ಲಿ ಹೋದ ಮೇಲೆ ಅರ್ಜಿ ಹಾಕಿ ಕರೆಸಿಕೊಳ್ಳಿ, ಇಲ್ಲದಿದ್ದರೆ ಎಲ್ಲರದ್ದೂ ನಿಲ್ಲುತ್ತದೆ ಅಂದರಂತೆ. ಇಬ್ಬರು ಮಕ್ಕಳನ್ನು ಎತ್ತಿಕೊಂಡು ಒಬ್ಬಳನ್ನು ಬಿಟ್ಟು ಬಂದಿದ್ದಳು. ಪೇಶಾವರದಲ್ಲೋ, ಕಾಗದವಿಲ್ಲದ ಆಫ್ಘನರನ್ನು ಪೊಲೀಸರು ಮನೆಮನೆಯಿಂದ ಎತ್ತಿ ಲಾರಿ ತುಂಬಿ ಗಡಿಗೆ ದಬ್ಬುತ್ತಿದ್ದರು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಝರ್ಮಿನಾ ಮಗಳಿಗೆ ಫೋನ್ ಮಾಡುತ್ತಿದ್ದಳು. ಆ ಕಡೆಯಿಂದ ಹಲೋ ಕೇಳಿದ ಮೇಲೇ ಅವಳಿಗೆ ಬಾಯಿಗೆ ನೀರು.

ಸೆಪ್ಟೆಂಬರ್ ಕೊನೆ ಬಂತು, ಈ ಜನ ಫೋನ್ ಎತ್ತುವುದು ನಿಲ್ಲಿಸಿದರು. ಶನಿವಾರ ಅವರ ವಿಶ್ರಾಂತಿಯ ದಿನ, ಹೇಗೂ ಇಲ್ಲ. ಈಗ ಗುರುವಾರ ಮಾಡಿದರೂ ಇಲ್ಲ, ಶುಕ್ರವಾರವೂ ಇಲ್ಲ, ಮುಂದಿನ ವಾರ ಮತ್ತೆ ಇಲ್ಲ. ಕೇಳಿದರೆ ಹಬ್ಬವಂತೆ. ಒಂದು ಮುಗಿದರೆ ಇನ್ನೊಂದು, ತಿಂಗಳು ಪೂರ್ತಿ. ನಮಗೂ ರಂಜಾನ್ ಒಂದು ತಿಂಗಳು ಬರುತ್ತದಪ್ಪ, ಆದರೆ ನಾವು ಫೋನ್ ಎತ್ತುತ್ತೇವೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವ ಹಾಗೆ ಇವರ ಉತ್ಸಾಹ ಮುಗಿಯಿತು ನೋಡು ಎಂದು ಗಿರಿಜಾಗೆ ಹೇಳಿದೆ.

"ನಿಂದೊಂದು ಅತಿಯಾಯ್ತು ಕಣೇ" ಅಂದಳು ಅವಳು.

ಅಕ್ಟೋಬರಿನಲ್ಲಿ ಒಂದು ದಿನ ಝರ್ಮಿನಾಳ ಮನೆಗೆ ಹೋದಾಗ ಡೆಬ್ರಾ ಹಾಲ್‌ನಲ್ಲಿ ನಿಂತು ಫೋನ್ ಎತ್ತಿ ಹಿಡಿದಿದ್ದಳು. ಕೆಳಗೆ ಮಕ್ಕಳು ಆಡುತ್ತಿದ್ದವು. ನನ್ನನ್ನು ನೋಡಿ ಫೋನ್ ಇಳಿಸಿದಳು. ಸೀಲಿಂಗ್ ಒದ್ದೆಯಾಗಿದೆ, ಮನೆ ಓನರಿಗೆ ಕಳಿಸಬೇಕು ಅಂದಳು. ಸೀಲಿಂಗ್ ಒದ್ದೆಯಾಗಿದ್ದುದು ನಿಜ. ಆದರೆ ನನಗೆ ಕಂಡಿದ್ದು ಫೋನು ಮತ್ತು ಮಕ್ಕಳು ಮಾತ್ರ.

ಅದಕ್ಕೂ ಒಂದು ಕಾರಣವಿದೆ. ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮ ಗಲ್ಲಿಯ ಶೀಟಿನ ಮನೆಗಳಿಗೆ ಬೆಂಕಿ ಬಿತ್ತು. ಹನ್ನೊಂದು ಮನೆ ಬೂದಿ. ಮೂರನೇ ದಿನ ದೊಡ್ಡ ಮನುಷ್ಯರು ಬಂದು ಶಾಮಿಯಾನ ಹಾಕಿ ಕಂಬಳಿ ಹಂಚಿದರು. ಅಮ್ಮಿ ಕಂಬಳಿ ಇಸಿದುಕೊಂಡು ವಾಪಸ್ ಬರುತ್ತಿದ್ದಾಗ ಫೋಟೋದವನು "ಏ ಅಮ್ಮಾ, ಫ್ಲಾಶ್ ಬರ್ಲಿಲ್ಲ, ಇನ್ನೊಂದ್ಸಲ ತಗಾ" ಅಂದ. ಅಮ್ಮಿ ಆ ಕಂಬಳಿಯನ್ನು ವಾಪಸ್ ಕೊಟ್ಟು, ಮತ್ತೆ ಕೈಯೊಡ್ಡಿ, ಸೆರಗು ಸರಿಮಾಡಿಕೊಂಡು ಮತ್ತೆ ತೆಗೆದುಕೊಂಡಳು. ಮರುದಿನ ಪೇಪರಿನಲ್ಲಿ ಬಂತು. ವಾರವಾದ ಮೇಲೆ ಶಾಲೆ ಹತ್ತಿರ ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನಲ್ಲಿ ಅಮ್ಮಿಯ ಮುಖವಿತ್ತು, ಖಾರದ ಎಣ್ಣೆ ಹತ್ತಿ ಕೆಂಪಾಗಿತ್ತು. ಇಡೀ ಕ್ಲಾಸು ನೋಡಿತು. ಆ ಕಂಬಳಿಯನ್ನು ಅಮ್ಮಿ ಸಾಯುವವರೆಗೂ ಹೊದೆಯಲಿಲ್ಲ. ಆವತ್ತಿನಿಂದ ಕೊಡುವವರ ಕೈಯಲ್ಲಿ ಕ್ಯಾಮೆರಾ ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಅಕ್ಟೋಬರ್ ಮುಗಿಯುವ ವಾರ, ಹಬ್ಬಗಳೂ ಮುಗಿದು, ಡೆಬ್ರಾ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಪುಸ್ತಕ, ಪೆನ್ನು. ಸಡಿಲ ಸಭೆಯ ಒಬ್ಬರು ವಕೀಲರು ಪಲ್ವಾಶಾಳ ಅರ್ಜಿ ತುಂಬುತ್ತಿದ್ದಾರೆ, ಅದಕ್ಕೆ ಫೋಟೋ ಬೇಕು ಅಂದಳು.

"ಹುಡುಗಿದೊಂದು. ಆಮೇಲೆ ಎಲ್ಲರೂ ಜೊತೆಗಿರೋದು ಒಂದು."

"ಎಲ್ಲರೂ ಇರೋದು ಯಾಕೆ?"

"ಒಂದೇ ಕುಟುಂಬ ಅನ್ನೋದಕ್ಕೆ ಪುರಾವೆ."

"ಅಂದ್ರೆ ತಾಯಿ ಮಾತು ಸಾಲದಾ?"

"ನನಗೆ ಸಾಲುತ್ತೆ ಶಾಹೀನಾ. ಸರ್ಕಾರಕ್ಕೆ ಸಾಲಲ್ಲ. ಬೇಗ ಬೇಕು. ಅರ್ಜಿ ಹೋದ್ರೆ ಒಂದು ರಸೀದಿ ಬರುತ್ತೆ, ಅದನ್ನ..."

ಅಷ್ಟರಲ್ಲಿ ಗಿರಾಕಿ ಬಂದರು. ನಾನು ಎದ್ದು ಹೋದೆ. ಆ ವಾಕ್ಯದ ಉಳಿದ ಭಾಗ ಕೇಳಿಸಿಕೊಳ್ಳಲಿಲ್ಲ. ಗಿರಾಕಿ ಬೇಕಿದ್ದರೆ ಒಂದು ನಿಮಿಷ ಕಾಯುತ್ತಿದ್ದರು, ನನಗೇ ಕೇಳಿಸಿಕೊಳ್ಳಬೇಕು ಅನಿಸಲಿಲ್ಲ. ನನ್ನ ತಲೆಯೊಳಗೆ ಆಗಲೇ ಚಿತ್ರ ತಯಾರಾಗಿತ್ತು. ಸ್ಕಾರ್ಫ್ ಹಾಕಿದ ಚೆಂದದ ಹುಡುಗಿಯ ಮುಖ, ಇವರ ಸಭೆಯ ಪತ್ರಿಕೆಯ ಮೊದಲ ಪುಟದಲ್ಲಿ, ಕೆಳಗೆ ನಾವು ಉಳಿಸುತ್ತಿರುವ ಹುಡುಗಿ ಎಂಬ ಸಾಲು.

ಸಂಜೆ ಝರ್ಮಿನಾಳ ಮನೆಗೆ ಹೋದೆ. ಫೋಟೋ ಇದೆಯಾ ಅಂದೆ. ಇತ್ತು. ಪೇಶಾವರದ ಸ್ಟುಡಿಯೋದಲ್ಲಿ ತೆಗೆಸಿದ್ದು, ಐದು ಜನವೂ ಸಾಲಾಗಿ ನಿಂತಿದ್ದರು. ಒಂದು ಕರವಸ್ತ್ರದೊಳಗೆ ಸುತ್ತಿ ಬಟ್ಟೆಗಳ ಅಡಿಯಲ್ಲಿಟ್ಟಿದ್ದಳು. ಪಲ್ವಾಶಾ ತಾಯಿಗಿಂತ ಎತ್ತರ, ಹುಬ್ಬು ಗಂಟಿಕ್ಕಿಕೊಂಡಿದ್ದಳು.

"ಇದನ್ನ ಯಾರಿಗೂ ಕೊಡಬೇಡ" ಅಂದೆ.

"ಯಾರು ಕೇಳ್ತಿದಾರೆ ಬಾಜಿ?"

"ಡೆಬ್ರಾ. ತಮ್ಮ ಜನಕ್ಕೆಲ್ಲ ತೋರಿಸೋದಕ್ಕೆ. ವಯಸ್ಸಿಗೆ ಬಂದ ಹುಡುಗಿ ಫೋಟೋ, ಎಲ್ಲೆಲ್ಲಿ ಹೋಗುತ್ತೋ ಏನೋ."

ತಮ್ಮ ಜನಕ್ಕೆ ತೋರಿಸಲು ಅಂತ ಡೆಬ್ರಾ ಹೇಳಿರಲಿಲ್ಲ. ನಾನು ಹೇಳಿದೆ. ನನ್ನ ಊಹೆಯನ್ನು ಅವಳ ಬಾಯಿಗೆ ತುರುಕಿ ಇವಳ ಭಾಷೆಗೆ ತಂದೆ. ಅರ್ಜಿ ಎಂಬ ಪದವನ್ನೇ ಎತ್ತಲಿಲ್ಲ. ಝರ್ಮಿನಾ ಸ್ವಲ್ಪ ಹೊತ್ತು ಫೋಟೋ ನೋಡಿ, ಮತ್ತೆ ಕರವಸ್ತ್ರದಲ್ಲಿ ಸುತ್ತಿಟ್ಟಳು. "ನೀವಿದ್ದೀರಲ್ಲ, ಒಳ್ಳೇದಾಯ್ತು" ಅಂದಳು.

ಡೆಬ್ರಾಗೆ ಮರುದಿನ ಹೇಳಿದೆ, "ಫೋಟೋ ಇಲ್ಲವಂತೆ. ಓಡಿ ಬರುವಾಗ ಎಲ್ಲ ಹೋಯಿತಂತೆ." ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಹಾಗಾದರೆ ಚಿಕ್ಕಮ್ಮನಿಗೆ ಹೇಳಿ ಫೋನಿನಲ್ಲಿ ತೆಗೆಸಿ ಕಳಿಸಲಿ, ಹಳೆಯದು ಯಾರ ಹತ್ತಿರವಾದರೂ ಇದೆಯಾ ವಿಚಾರಿಸಿ ಅಂದಳು. ಕೇಳುತ್ತೇನೆ ಅಂದೆ. ಕೇಳಲಿಲ್ಲ. ನವೆಂಬರಿನಲ್ಲಿ ಮತ್ತೆ ಎರಡು ಸಲ ಫೋನ್ ಮಾಡಿದಳು. ಅವಳು ಒತ್ತಿ ಕೇಳಿದಷ್ಟೂ ನನ್ನ ಅನುಮಾನ ಬಲಿಯಿತು. ಅಷ್ಟೊಂದು ಆಸೆ ಯಾಕಪ್ಪ ಆ ಫೋಟೋದ ಮೇಲೆ! ನಜೀಬ್‌ಗೆ ಅಷ್ಟರಲ್ಲಿ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತ್ತು, ಅವನ ಇಂಗ್ಲಿಷು ಯೆಸ್ ಸರ್ ದಾಟಿರಲಿಲ್ಲ. ಆ ಮನೆಗೂ ಹೊರಗಿನ ಲೋಕಕ್ಕೂ ನಡುವೆ ಬಾಗಿಲು ಅಂತ ಇದ್ದದ್ದು ನಾನೊಬ್ಬಳೇ.

ಡಿಸೆಂಬರ್ ಮೊದಲ ವಾರ, ಹಿಮ ಬಿದ್ದು ರಸ್ತೆಯೆಲ್ಲ ಕೆಸರು. ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಫೋನ್ ಬಂತು. ಝರ್ಮಿನಾಳದು, ಉಸಿರು ಮಾತ್ರ ಕೇಳುತ್ತಿತ್ತು. ಅಂಗಡಿಗೆ ಬೀಗ ಹಾಕಿ ಡ್ರೈವ್ ಮಾಡಿಕೊಂಡು ಹೋದೆ. ಚಿಕ್ಕಮ್ಮನ ಮನೆಗೆ ಪೊಲೀಸರು ಬಂದಿದ್ದರಂತೆ. ಎಲ್ಲರನ್ನೂ ಲಾರಿ ಹತ್ತಿಸಿ ತೋರ್ಖಮ್ ಗಡಿ ದಾಟಿಸಿದರಂತೆ. ಪಲ್ವಾಶಾ ಈಗ ಮತ್ತೆ ಜಲಾಲಾಬಾದಿನಲ್ಲಿ. ಅಲ್ಲಿ ಹುಡುಗಿಯರಿಗೆ ಶಾಲೆಯಿಲ್ಲ, ಗಂಡಸಿಲ್ಲದೆ ಬೀದಿಗೆ ಇಳಿಯುವ ಹಾಗಿಲ್ಲ, ಅರ್ಜಿ ಹಾಕಿದರೂ ಕರೆದು ವಿಚಾರಿಸಲು ಅಮೆರಿಕದ ಕಚೇರಿಯೇ ಇಲ್ಲ.

ಗಿರಿಜಾ ಮೂಲಕ ಸುದ್ದಿ ತಿಳಿದು ಡೆಬ್ರಾ, ಸಾಲ್ ಇಬ್ಬರೂ ಬಂದರು. ಸಾಲ್ ಬಾಗಿಲ ಹತ್ತಿರವೇ ನಿಂತರು. ಡೆಬ್ರಾ ಝರ್ಮಿನಾಳ ಪಕ್ಕ ನೆಲದ ಮೇಲೆ ಕೂತಳು. ನನ್ನ ಕಡೆ ತಿರುಗಿ ಹೇಳಿದಳು.

"ಆ ರಸೀದಿ ಕೈಯಲ್ಲಿದ್ದಿದ್ರೆ ಬಿಡ್ತಿದ್ರೇನೋ. ಅಮೆರಿಕಾಗೆ ಅರ್ಜಿ ಹೋಗಿದೆ ಅಂತ ಕಾಗದ ತೋರಿಸಿದ ಕೆಲವರನ್ನ ಬಿಟ್ಟಿದಾರಂತೆ. ಅದಕ್ಕೇ ನಾನು ಫೋಟೋ ಫೋಟೋ ಅಂತ ನಿಮ್ಮ ಜೀವ ತಿಂದಿದ್ದು."

"ನಾನು... ಅದು ನಿಮ್ಮ ಪತ್ರಿಕೆಗೆ ಅಂತ..." ಅಂದೆ. ಬಾಯಿ ತಪ್ಪಿ ಬಂತು.

ಡೆಬ್ರಾ ನನ್ನನ್ನೇ ನೋಡಿದಳು.

"ಪತ್ರಿಕೆಗಾ? ಶಾಹೀನಾ, ನಮ್ಮ ಮೂರು ಸಭೆಯಲ್ಲಿ ಈ ಮನೆಯವರ ಹೆಸರು ಆರು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅವರ ಫೋಟೋ ತೆಗೀಬಾರದು ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ವಿ. ಕೊಟ್ಟವರಿಗೆ ತಗೊಂಡವರ ಮುಖ ಗೊತ್ತಾಗಬಾರದು. ತಗೊಂಡವರಿಗೆ ಕೊಟ್ಟವರ ಹೆಸರು ಗೊತ್ತಾಗಬಾರದು. ನಮ್ಮಲ್ಲಿ ದಾನ ಅಂದ್ರೆ ಅದೇ ದೊಡ್ಡದು. ಬೀದಿಯಲ್ಲಿ ಎದುರಾದ್ರೆ ಝರ್ಮಿನಾ ಯಾರ ಮುಂದೆಯೂ ತಲೆ ತಗ್ಗಿಸಬಾರದು."

ನನ್ನ ಅಮ್ಮಿಗೆ ಯಾರಾದರೂ ಹಾಗೆ ಒಂದು ಕಂಬಳಿ ಕೊಟ್ಟಿದ್ದರೆ, ಅವಳು ಹೊದೆದುಕೊಳ್ಳುತ್ತಿದ್ದಳು. ಅಷ್ಟೇ ಆ ಕ್ಷಣ ಹೊಳೆದದ್ದು.

ಝರ್ಮಿನಾ ನನ್ನ ತೋಳು ಅಲುಗಿಸಿದಳು. "ಏನು ಹೇಳ್ತಿದಾರೆ ಬಾಜಿ? ಏನಂತೆ?"

ಆಗ ಹೇಳಬಹುದಿತ್ತು. ಡೆಬ್ರಾ ಎದುರಿಗಿದ್ದಳು, ಸಾಲ್ ಇದ್ದರು, ಅವಳು ಕೇಳುತ್ತಿದ್ದಳು. "ಅರ್ಜಿ ಹಾಕೋಣ ಅಂತಿದಾರೆ. ಆ ಫೋಟೋ ಬೇಕಂತೆ, ಈಗ ಕೊಡು" ಅಂದೆ. ಅವಳು ಎದ್ದು ಹೋಗಿ ಕರವಸ್ತ್ರ ಬಿಚ್ಚಿ ಫೋಟೋ ತಂದು ಡೆಬ್ರಾಳ ಕೈಗಿಟ್ಟಳು. ಇಲ್ಲವಂತೆ ಅಂದಿದ್ದ ಫೋಟೋ. ಡೆಬ್ರಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಆಕೆ ಝರ್ಮಿನಾಳಿಗೂ ಏನೂ ಹೇಳಲಿಲ್ಲ, ಇವತ್ತಿನವರೆಗೂ. ಏನೋ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿದ್ದಾಳೆ ಎಂದು ಎಷ್ಟೋ ತಿಂಗಳು ನಾನು ಅದನ್ನೂ ಅನುಮಾನಿಸಿದೆ.

ಅರ್ಜಿ ಆ ವಾರ ಹೋಯಿತು. ಜನವರಿಯಲ್ಲಿ ಸರ್ಕಾರದ ಹೊಸ ಆದೇಶ ಬಂದು ಹೊರಗಿನಿಂದ ಬರುವವರ ಬಾಗಿಲೇ ಮುಚ್ಚಿತು. ಇಂಥ ಅರ್ಜಿಗಳಿಗೆ ವರ್ಷಗಟ್ಟಲೆ ಹಿಡಿಯುತ್ತದೆ, ಮುಂಚೆ ಹಾಕಿದ್ದರೂ ಹುಡುಗಿ ಬಂದಿರುತ್ತಿದ್ದಳೋ ಇಲ್ಲವೋ ಯಾರು ಬಲ್ಲರು ಎಂದು ವಕೀಲರು ಹೇಳಿದರು. ನನ್ನ ಮನಸ್ಸು ಸಮಾಧಾನವಾಗಲಿ ಅಂತ ಹೇಳಿದರೋ, ನಿಜವೋ? ಬರುತ್ತಿದ್ದಳೋ ಇಲ್ಲವೋ ನನಗೂ ಗೊತ್ತಿಲ್ಲ. ಆದರೆ ಆ ಲಾರಿ ಬಂದ ದಿನ ಅವಳ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. ಅದು ಗೊತ್ತು.

ಮುಂದಿನ ವರ್ಷ ಝರ್ಮಿನಾ ನನ್ನ ಅಂಗಡಿಗೇ ಕೆಲಸಕ್ಕೆ ಬಂದಳು. ಕೈ ಚುರುಕು, ಹೊಲಿಗೆ ನೇರ. ಎರಡು ಮೆಷಿನ್ ಎದುರುಬದುರು. ಒಂದೂವರೆ ವರ್ಷ ಹಾಗೆ ಎದುರುಬದುರು ಕೂತು, ಅವಳ ಮಗಳ ಸುದ್ದಿ ಕೇಳುತ್ತ, ನಾನು ಬಾಯಿ ಬಿಡಲಿಲ್ಲ. ಅವಳಿಗೆ ಈಗಲೇ ಸಾಕಷ್ಟಿದೆ, ಇದೊಂದು ಯಾಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶುದ್ಧ ಪುಕ್ಕಲುತನ.

ಸನಾಳ ಮನೆಯಿಂದ ಬಂದ ಮರುದಿನ ಹೇಳಿಬಿಟ್ಟೆ. ಅವಳು ಒಂದು ಪರದೆಯ ಅಂಚು ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸು ಅಂದೆ. ಡೆಬ್ರಾ ಅರ್ಜಿಗೆ ಅಂತಲೇ ಕೇಳಿದ್ದಳು, ನಾನು ಬೇರೆ ಹೇಳಿದೆ, ಇಲ್ಲವಂತೆ ಅಂತ ಅವಳಿಗೂ ಸುಳ್ಳು ಹೇಳಿದೆ, ಐದು ವಾರ ಹೋಯಿತು, ಆ ಐದು ವಾರದಲ್ಲಿ ಲಾರಿ ಬಂತು. ಎಲ್ಲ ಹೇಳಿದೆ. ಅಮ್ಮಿಯ ಕಂಬಳಿಯ ಕಥೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅದು ಕ್ಷಮೆ ಕೇಳಿದ ಹಾಗಾಗುತ್ತಿರಲಿಲ್ಲ, ವಕೀಲಿ ಮಾಡಿದ ಹಾಗಾಗುತ್ತಿತ್ತು.

ಝರ್ಮಿನಾ ಸೂಜಿಯ ಕಡೆಯೇ ನೋಡುತ್ತಿದ್ದಳು.

"ಆಗ ನಾನು ಯಾರನ್ನೂ ನಂಬಿರಲಿಲ್ಲ ಬಾಜಿ" ಅಂದಳು ಕೊನೆಗೆ. "ಅವರನ್ನೂ ಇಲ್ಲ, ಸರ್ಕಾರಿ ಆಫೀಸಿನವರನ್ನೂ ಇಲ್ಲ. ಆ ಮುದುಕರು ಟೀ ಕುಡಿಯದೆ ಹೋದರಲ್ಲ, ಅವರನ್ನಂತೂ ಇಲ್ಲವೇ ಇಲ್ಲ. ನಿಮ್ಮೊಬ್ಬರನ್ನೇ ನಂಬಿದ್ದೆ."

ಅಂಚು ಅರ್ಧ ಉಳಿದಿತ್ತು. ಅದನ್ನು ಪೂರ್ತಿ ಹೊಲಿದು, ದಾರ ಕತ್ತರಿಸಿ, ಪರದೆ ಮಡಿಸಿಟ್ಟು ಹೋದಳು. ನಾಲ್ಕು ದಿನ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ, ಮಾಡುವ ಮುಖ ನನಗಿರಲಿಲ್ಲ.

ಐದನೇ ದಿನ ಬಂದಳು. ಕೋಟು ಬಿಚ್ಚಲಿಲ್ಲ. ವಕೀಲರ ಕಡೆಯಿಂದ ಬಂದ ಒಂದು ಕಾಗದವನ್ನು ನನ್ನ ಮೆಷಿನ್ನಿನ ಮೇಲೆ ಹರಡಿದಳು. ಮೊದಲೆಲ್ಲ ಇಂಥ ಕಾಗದ ಬಂದರೆ ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು, ನನ್ನ ಬಾಯನ್ನೇ ನೋಡುತ್ತಿದ್ದಳು. ಈ ಸಲ ತನ್ನ ಫೋನ್ ತೆಗೆದು ಕ್ಯಾಮೆರಾವನ್ನು ಕಾಗದದ ಮೇಲೆ ಹಿಡಿದಳು. ಇಂಗ್ಲಿಷ್ ಸಾಲುಗಳ ಜಾಗದಲ್ಲಿ ಫೋನಿನ ಪರದೆಯ ಮೇಲೆ ಅವಳ ಭಾಷೆಯ ಅಕ್ಷರ ಮೂಡಿತು.

"ಓದಿ ಬಾಜಿ" ಅಂದಳು.

ಓದಿದೆ. ಒಂದು ಸಾಲು ಇಂಗ್ಲಿಷಿನಲ್ಲಿ, ಆ ಸಾಲೇ ಉರ್ದುವಿನಲ್ಲಿ. ಅರ್ಜಿ ಬಂದು ತಲುಪಿದೆ. ಅರ್ಜಿ ತಿರಸ್ಕಾರವಾಗಿಲ್ಲ. ಮೂರನೇ ಸಾಲಿಗೆ ಬಂದು ನಿಂತೆ. ಮುಂದಿನ ಆದೇಶದವರೆಗೆ ಯಾವ ಕ್ರಮವೂ ಇಲ್ಲ, ಎಷ್ಟು ಕಾಲ ಎಂದು ಹೇಳಲಾಗದು ಎಂದಿತ್ತು. ಮೊದಲಾಗಿದ್ದರೆ ಅದನ್ನು ಸ್ವಲ್ಪ ಮೆತ್ತಗೆ ಮಾಡಿ, ಇನ್ನು ಕೆಲವು ತಿಂಗಳು ಅಷ್ಟೇ ಅಂದಿರುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಫೋನ್ ನೋಡಿದಳು. ಬೆರಳಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಸರಿಯಾಗಿದೆ" ಅಂದಳು. "ಮುಂದೆ ಓದಿ."